ಹಳ್ಳಮ್ಮನ ತವರು

ಮೊದಲು ಅವನು ಗಂಡಸಾಗಿದ್ದ.
ಎಂಬತ್ತು ಕಿಟಕಿಯ ಮನೆಯಲ್ಲಿ ಹುಟ್ಟಿದ ಮೂರನೆಯವನು.
ಮೇಲಿನವರಿಬ್ಬರಲ್ಲಿ ಒಬ್ಬ ಕುದುರೆಯಿಂದ ಬಿದ್ದು
ಇನ್ನೊಬ್ಬ ಕೆಮ್ಮಿ ಕೆಮ್ಮಿ
ದಾರಿ ಬಿಟ್ಟ ಮೇಲೆ
ಲಾರ್ಡ್ ಹ್ಯಾಲಮ್ ಆದ.

ಇದನ್ನು ಓದಿದ್ದು ಮಾರಿಕುಪ್ಪಂ ಆಫೀಸಿನಲ್ಲಿ,
ಗಣಿ ಮುಚ್ಚಿದ ಆರನೇ ವರ್ಷ,
ಹಳೇ ಕಾಗದ ರದ್ದಿಗೆ ಹೋಗುವ ಮುಂಚೆ
ಕಟ್ಟು ಎಣಿಸುವ ದಿನಗೂಲಿಗೆ ಹೋದಾಗ.
ಕಂಪನಿ ಅಚ್ಚು ಹಾಕಿಸಿದ ಎಂಟು ಪುಟದ ಜೀವನಚರಿತ್ರೆ.
ಗೆದ್ದಲು ಅಂಚು ತಿಂದು ನಡುವನ್ನು ನನಗೆ ಬಿಟ್ಟಿತ್ತು.

ಇಪ್ಪತ್ತಮೂರಕ್ಕೆ ಪಾರ್ಲಿಮೆಂಟು.
ಆರಿಸಿ ಕಳಿಸಿದ ಊರನ್ನು ಅವನು ಕಂಡಿರಲಿಲ್ಲ;
ಊರಿಗೆ ಊರೇ ಅಪ್ಪನ ಒಕ್ಕಲು.
ಮೂವತ್ತು ವರ್ಷ ಎರಡೂ ಮನೆಯಲ್ಲಿ ಕೂತ.
ಬಾಯಿ ಬಿಟ್ಟಿದ್ದು ಒಂದೇ ಸಲ:
ಮದುವೆಯಾದ ಹೆಂಗಸು ತನ್ನ ದುಡ್ಡು
ತಾನೇ ಇಟ್ಟುಕೊಳ್ಳಬಹುದೇ ಎಂಬ ಮಸೂದೆ ಬಂದಾಗ
ಎದ್ದು ನಿಂತು, ಹನ್ನೊಂದು ನಿಮಿಷ,
ಕೂಡದು ಎಂದ.
(‘ಸಭೆ ಮೆಚ್ಚಿ ತಲೆದೂಗಿತು,’ ಪುಟ ಐದು.)

ಆಮೇಲೆ ಗೌಟು. ಕಾಲ ಹೆಬ್ಬೆರಳು ಬದನೆಕಾಯಿ.
ಆಮೇಲೆ ಕೋಲಾರ:
ಟನ್ ಕಲ್ಲಿಗೆ ಒಂದು ಔನ್ಸು ಎಂದು ಯಾರೋ ಊಟದಲ್ಲಿ ಹೇಳಿದರು,
ಉಪ್ಪು ಕೊಡುತ್ತ.
ಹೆಂಡತಿಯ ದುಡ್ಡನ್ನು ಷೇರಿಗೆ ಹಾಕಿ
ಅಧ್ಯಕ್ಷನಾದ.
ಹೊಸ ಶಾಫ್ಟಿಗೆ ಅವನ ಹೆಸರು,
ಬಾಯಿಯ ಪಕ್ಕ ಮೊಳದೆತ್ತರದ ಕಲ್ಲು,
ಕಲ್ಲಿನ ಮೇಲೆ ಇಂಗ್ಲಿಷು.

ಓದುಬಾರದ ನಮ್ಮ ಮುತ್ತಾತ ದೊಡ್ಡಪಿಳ್ಳಪ್ಪ
ಒಳಗೆ ಮರದ ಆಸರೆ ಕೊಡುವವನು.
ದೊರೆಗಳ ಬಾಯಲ್ಲಿ ಕೇಳಿದ್ದು ಹ್ಯಾಲಮ್, ಹ್ಯಾಲಮ್.
ಹಳ್ಳ ತೋಡಿದ ಜಾಗ, ಹೊರಗೊಂದು ಕಲ್ಲು,
ಇಳಿದವರನ್ನು ಒಮ್ಮೊಮ್ಮೆ ಇಟ್ಟುಕೊಳ್ಳುವ ಚಾಳಿ.
ಇನ್ನು ಕೇಳಬೇಕೆ? ಹಳ್ಳಮ್ಮ.

ಬಂಡೆ ಸಿಡಿದ ರಾತ್ರಿ
ಒಂಬತ್ತು ಜನ ಒಳಗೆ ಸಿಕ್ಕಿ, ಬೆಳಗಿನ ಜಾವ
ಒಂಬತ್ತೂ ಜನ ನಡೆದೇ ಮೇಲೆ ಬಂದರು.
ಅವತ್ತು ಲಾರ್ಡ್ ಹ್ಯಾಲಮ್ಮನಿಗೆ
ಮೊದಲ ಸಲ ಅರಿಶಿನ ಬಿತ್ತು.
ಮುಂದಿನ ಶುಕ್ರವಾರ ಬೇವಿನ ಸೊಪ್ಪು, ಹಸಿರು ಬಳೆ.
ಯಾರೋ ಹರಕೆ ಹೊತ್ತವಳು
ಕಲ್ಲಿಗೆ ಕೆಂಪು ಸೀರೆ ಸುತ್ತಿದಳು,
ಇಂಗ್ಲಿಷು ಮುಚ್ಚುವ ಹಾಗೆ.

ಕಟ್ಟಿನ ತಳದಲ್ಲಿ ಅವನ ಕಾಗದಗಳಿದ್ದವು.
ವರ್ಷಕ್ಕೊಂದು, ಒಂದೇ ಪ್ರಶ್ನೆ:
ಈಗ ಎಷ್ಟು ಆಳ?
ಡಿವಿಡೆಂಡ್ ಕೇಳುವುದಕ್ಕೂ ಮೊದಲು ಅದನ್ನು ಕೇಳುತ್ತಿದ್ದ.
ಯಾಕೋ ಗೊತ್ತಿಲ್ಲ.
ಎಂಟು ಪುಟದಲ್ಲಿ ಅದಿಲ್ಲ.
ಕೊನೆಯದರಲ್ಲಿ ಅಕ್ಷರ ನಡುಗಿದೆ:
ಇಳಿಯುವವರು ಅದನ್ನು ಏನೆಂದು ಕರೆಯುತ್ತಾರೆ?

ರೈಟರ್ ಏಕಾಂಬರಂ ಸಂಸಾರಸ್ಥ, ಕೆಲಸ ಬೇಕು.
ಬರೆದ: ತಮ್ಮ ಹೆಸರಿನಿಂದಲೇ, ಪ್ರಭು,
ಪ್ರೀತಿಗೆ ಕೊನೆಯಲ್ಲಿ ಒಂದಕ್ಷರ ಸೇರಿಸಿ.
ನಕಲು ಪ್ರತಿ ಇದೆ. ಶಾಯಿ ಇನ್ನೂ ನೀಲಿ.
ಅದು ಹಡಗಿನಲ್ಲಿದ್ದಾಗಲೇ ಅವನು ಸತ್ತ.

ಕಟ್ಟಿಗೆ ಎರಡು ರೂಪಾಯಿ ಲೆಕ್ಕದಲ್ಲಿ
ಸಂಜೆ ನಲವತ್ತಾರು ರೂಪಾಯಿ ಸಿಕ್ಕಿತು.

ಈಗ ಶಾಫ್ಟಿನ ತುಂಬ ನೀರು.
ಎಷ್ಟು ಆಳ ಎಂದರೆ ಹೇಳುವ ಗುಮಾಸ್ತ ಇಲ್ಲ.
ಸೈನೈಡ್ ಗುಡ್ಡದ ಬಿಳಿ ದೂಳು ಎದ್ದು
ಕಲ್ಲಿನ ಮೇಲೆ ಕೂರುತ್ತದೆ.
ಸೋದರತ್ತೆ ಅಕ್ಕಯಮ್ಮ ಸೆರಗಿನಲ್ಲೇ ಒರೆಸುತ್ತಾಳೆ,
ಮಗುವಿನ ಮೂಗು ಒರೆಸಿದ ಹಾಗೆ.

ನಾನು ಎಲ್ಲ ಹೇಳಿದೆ ಅವಳಿಗೆ:
ಕಿಟಕಿ, ಕುದುರೆ, ಹನ್ನೊಂದು ನಿಮಿಷ,
ಅದು ಅಮ್ಮ ಅಲ್ಲ ಅತ್ತೆ, ಯಾರೋ ಸೀಮೆಯ ಮುದುಕ.
ಹೂ ಕಟ್ಟುತ್ತಿದ್ದವಳು ದಾರ ಕಚ್ಚಿ ಹರಿದಳು.
‘ಸೀಮೆ ಅಂದ್ರೆ? ಮದ್ರಾಸಿಗಿಂತ ಆಚೆನಾ?’
ಸಮುದ್ರ ದಾಟಿ, ತಿಂಗಳ ಹಾದಿ ಎಂದೆ.
‘ಅಮ್ಮೋ,’ ಎಂದಳು ಕಲ್ಲಿನ ಕಡೆ ತಿರುಗಿ,
‘ಅಷ್ಟು ದೂರಕ್ಕಾ ಕೊಟ್ಟಿದ್ದು ಹೆಣ್ಣನ್ನ?
ನೋಡೋಕೆ ತವರಿಂದ ಒಬ್ಬರೂ ಬರಲಿಲ್ವಲ್ಲ.’
ಇನ್ನೊಂದು ಮೊಳ ಹೂ ಕಟ್ಟಿದಳು.